ಕಾಳಿನ ಕೋಣೆಯ ಬಾಗಿಲು

ಎರಿಹಾಳ, ಅಣ್ಣಿಗೇರಿ ತಾಲೂಕು
18 ಸೆಪ್ಟೆಂಬರ್ 2024, ಬುಧವಾರ

ಪ್ರೀತಿಯ ತಮ್ಮ ಹೇಮಂತನಿಗೆ,

ನಿನ್ನ ಅಕ್ಕ ಮಾಡುವ ವಂದನೆಗಳು. ದೇವರು ನಿಮ್ಮ ಮನೆಯನ್ನು ಸುಖವಾಗಿಟ್ಟಿರಲಿ.

ನಿನ್ನ ಕಣ್ಣು ಹೇಗಿವೆ? ವೆಲ್ಡಿಂಗ್ ಮಾಡುವಾಗ ಕರಿಗಾಜಿನ ಕವಚ ತೆಗೆದಿಟ್ಟು ಕೆಲಸ ಮಾಡುತ್ತೀಯೆಂದು ನಂದಾ ಕಳೆದ ಸಲ ಫೋನಿನಲ್ಲಿ ದೂರಿದಳು. ಈಗ ವರ್ಕ್‌ಶಾಪ್ ನಿನ್ನದೇ ಆಗಿರಬಹುದು, ಕಣ್ಣು ಮಾತ್ರ ಎರಡೇ ಇರುವುದು. ನಂದಾಳ ಬೆನ್ನುನೋವು ಕಡಿಮೆಯಾಯಿತೆ? ವಾಸ್ಕೋದಲ್ಲಿ ಮಳೆ ನಿಂತಿತೆ? ಇಲ್ಲಿ ಸರಿಯಾಗಿ ಹೆಸರುಕಾಯಿ ಬಿಡಿಸುವ ಹೊತ್ತಿಗೆ ಮಳೆ ಹಿಡಿದು, ಎಂಟು ದಿನ ಎರಿ ಹೊಲಕ್ಕೆ ಕಾಲಿಡಲಾಗಲಿಲ್ಲ. ಅವ್ವ ಆರಾಮ ಇದ್ದಾಳೆ. ಮೊಣಕಾಲು ಹಿಡಿಯುತ್ತದೆ, ಆದರೂ ಭಾನುವಾರ ಚರ್ಚಿನ ಆರಾಧನೆಗೆ ನಡೆದೇ ಬರುತ್ತಾಳೆ. ಸ್ಕೂಟಿಯ ಹಿಂದೆ ಕೂಡು ಎಂದರೆ "ನೀ ನನ್ನ ಕೆಡವತಿ" ಎನ್ನುತ್ತಾಳೆ. ನನ್ನ ಪಂಚಾಯಿತಿ ಗ್ರಂಥಾಲಯ ಎಂದಿನಂತೆ ನಡೆದಿದೆ. ಪೇಪರು ಓದಲು ಬರುವವರು ಏಳು ಜನ, ಮಳೆ ಬಂದರೆ ಹದಿನೈದು. ಫೋನಿನಲ್ಲಿ ಮಾತಾಡುವವಳು ಕಾಗದ ಯಾಕೆ ಬರೆದಳೆಂದು ನಿನಗೆ ಅನಿಸಬಹುದು. ಫೋನ್ ಹಿಡಿದರೆ ಅವ್ವ ಬಾಜೂಕೆ ಬಂದು ಕೂಡುತ್ತಾಳೆ. ಅಲ್ಲದೆ ಈ ವಿಷಯವನ್ನು ಒಂದರ ಹಿಂದೊಂದು, ನಡೆದ ಹಾಗೆಯೇ ಹೇಳಬೇಕಾಗಿದೆ. ನಡುವೆ ನೀನು ಮಾತು ಕತ್ತರಿಸಬಾರದು. ಅದಕ್ಕೇ ಕಾಗದ.

ನೀನು ಹತ್ತೊಂಬತ್ತಕ್ಕೆ ಊರು ಬಿಟ್ಟವನು. ದೇವಾಲಯದ ಕಾಳಿನ ಕೋಣೆಗೆ ಮನೆಗೊಬ್ಬ ಹಿರಿಯರು ಮಾತ್ರ ಹೋಗುವುದರಿಂದ ನೀನು ಒಮ್ಮೆಯೂ ಅದರೊಳಗೆ ಹೋಗಿಲ್ಲ. ಆದ್ದರಿಂದ ಮೊದಲಿನಿಂದ ಬರೆಯುತ್ತೇನೆ. ಆರಾಧನೆ ಮುಗಿದ ಮೇಲೆ ನಮ್ಮ ಸಭೆಯ ಇಪ್ಪತ್ತೆರಡು ಮನೆಗಳಿಂದ ಒಬ್ಬೊಬ್ಬರಾಗಿ, ಕೈಚೀಲ ಹಿಡಿದು, ಬಲಗಡೆಯ ಆ ಕಿಟಕಿಯಿಲ್ಲದ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ಒಳಗೆ ಎದೆಮಟ್ಟದ ಮಣ್ಣಿನ ಹರವಿ, ಅದರ ಮೇಲೆ ಕಟ್ಟಿಗೆಯ ಮುಚ್ಚಳ, ಬದಿಯಲ್ಲಿ ಒಂದು ಸೇರು. ಅಡಿಗೆಗೆ ಮುಂಚೆ ದಿನಾ ಒಂದು ಹಿಡಿ ತೆಗೆದಿಟ್ಟ ಜೋಳವನ್ನು ಕೆಲವರು ಅದರಲ್ಲಿ ಸುರಿಯುತ್ತಿದ್ದರು. ಕೆಲವರು ಅದರಿಂದ ತುಂಬಿಕೊಳ್ಳುತ್ತಿದ್ದರು. ಕೆಲವರು ಸುಮ್ಮನೆ ನಿಂತು ಪ್ರಾರ್ಥಿಸಿ ಬರುತ್ತಿದ್ದರು. ಹೋಗುವಾಗಲೂ ಬರುವಾಗಲೂ ಚೀಲ ಸೆರಗಿನ ಕೆಳಗೆ ಅಥವಾ ಟವೆಲ್ಲಿನ ಕೆಳಗೆ. ಕೊಡಲಿಕ್ಕೂ ಒಯ್ಯಲಿಕ್ಕೂ ಏನೂ ಇಲ್ಲದವರೂ ಒಳಗೆ ಹೋಗಲೇಬೇಕು. ಇಲ್ಲದಿದ್ದರೆ ಹೋದವರು ಯಾಕೆ ಹೋದರೆಂದು ಗೊತ್ತಾಗಿಬಿಡುತ್ತದೆ. ಕೀಲಿ ಮೊದಲು ಅಪ್ಪನ ಹತ್ತಿರ ಇತ್ತು, ಆಮೇಲೆ ಅವ್ವನ ಹತ್ತಿರ, ಎಂಟು ವರ್ಷದಿಂದ ನನ್ನ ಹತ್ತಿರ. ಶನಿವಾರ ಕೋಣೆ ಗುಡಿಸುವುದು, ಕಾಳಿಗೆ ಬೂದಿ ಮತ್ತು ಬೇವಿನ ಎಲೆ ಬೆರೆಸುವುದು ನನ್ನ ಕೆಲಸ. ಹರವಿ ಒಂದು ವಾರ ಏರುತ್ತಿತ್ತು, ಒಂದು ವಾರ ಇಳಿಯುತ್ತಿತ್ತು. ಯಾರಿಂದ ಎಂದು ನಾನು ಯೋಚಿಸಬಾರದೆಂದು ಅವ್ವ ಕೀಲಿ ಕೊಡುವಾಗಲೇ ಹೇಳಿದ್ದಳು.

ನಮ್ಮ ಸಭಾಪಾಲಕರಾದ ಪ್ರಭಾಕರ ಅಯ್ಯನವರ ಬಗ್ಗೆ ನಾನು ಕೆಟ್ಟದ್ದು ಬರೆಯುವುದಿಲ್ಲ. ಅವರು ಬಂದು ಎರಡು ವರ್ಷವಾಯಿತು. ತಮ್ಮ ಪಗಾರದಲ್ಲಿಯೇ ಇಬ್ಬರ ಕಾಲೇಜು ಫೀ ಕಟ್ಟಿದ್ದಾರೆ. ಈ ವರ್ಷ ಏಪ್ರಿಲ್‌ನಲ್ಲಿ ಹರವಿಯ ತಳ ಕಂಡಿತ್ತು. ಅದು ಅವರ ಮನಸ್ಸಿಗೆ ಹತ್ತಿತು. ಬಾಗಿಲು ಮುಚ್ಚಿಕೊಂಡು ಕೊಟ್ಟರೆ ಜನ ಕೈ ಬಿಗಿ ಹಿಡಿಯುತ್ತಾರೆ, ಎಲ್ಲರೆದುರು ಕೊಟ್ಟು ಹೆಸರು ಓದಿದರೆ ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿಯುತ್ತಾರೆ, ಇಲ್ಲದವರಿಗೆ ಸಭೆಯೇ ಪಟ್ಟಿ ಮಾಡಿ ಹಂಚಬಹುದು ಎಂದು ಅವರ ವಾದ. ಬೇರೆ ಊರಿನ ಸಭೆಗಳಲ್ಲಿ ಹೀಗೆಯೇ ನಡೆಯುತ್ತದೆ ಎಂಬುದೂ ನಿಜ. ಹಿರಿಯರ ಸಭೆ ಎರಡೂವರೆ ತಾಸು ನಡೆಯಿತು. ವಿರೋಧ ಮಾಡಿದವರು ಮಾಳಿಂಗರಾಯ ಕಾಕಾ ಒಬ್ಬರೇ. ಅವರು ಎದ್ದು ನಿಂತು ಹೇಳಿದ್ದು ಇಷ್ಟು: "ಅಯ್ಯನವರ, ಕೊಡಾವರ ಮಾರಿ ಕಾಣೂ ಹಂಗ ಮಾಡಿದ್ರ, ಒಯ್ಯಾವರ ಮಾರೀನೂ ಕಾಣತೈತ್ರಿ." ಖಜಾಂಚಿ ಸುಭಾಸ ನಕ್ಕು, "ಯಾಕ ಕಾಕಾ, ನೀವೇನ ಚೀಲ ತುಂಬಿ ಒಯ್ಯತಿದ್ರೇನ?" ಎಂದ. ಎಲ್ಲರೂ ನಕ್ಕರು. ಕಾಕಾ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು. ಅವತ್ತಿನಿಂದ ಆರಾಧನೆಗೆ ಬಂದಿಲ್ಲ. ಕೈ ಎತ್ತಿ ಒಪ್ಪಿಗೆ ಕೊಟ್ಟವರಲ್ಲಿ ನಾನೂ ಇದ್ದೆ. ನೀನು ಅಪ್ಪನ ನೆನಪಿಗೆ ಆ ಕೋಣೆಗೆ ಒಳಗೆಲ್ಲ ಕಾಣುವ ಗ್ರಿಲ್ಲಿನ ಬಾಗಿಲು ಮಾಡಿ ಕಳಿಸುತ್ತೇನೆಂದು ಆಗಲೇ ಅಯ್ಯನವರಿಗೆ ಮಾತು ಕೊಟ್ಟಿದ್ದೆ. ನನಗೆ ಹೆಮ್ಮೆಯಾಗಿತ್ತು.

ಬಾಗಿಲು ಚೆಂದವೇ ಇದೆ, ಹೇಮಂತ. ಜೋಳದ ತೆನೆಗಳನ್ನು ನೀನು ಕಬ್ಬಿಣದಲ್ಲಿ ಬಾಗಿಸಿದ ರೀತಿಗೆ ಅಣ್ಣಿಗೇರಿಯ ಗೌಂಡಿಯೇ ಬೆರಗಾದ. ಜುಲೈ ಏಳರಂದು ಹಳೆಯ ಹಲಗೆಬಾಗಿಲನ್ನು ಬಿಚ್ಚಿ ಮಾಳಿಂಗರಾಯ ಕಾಕಾನ ದನದ ಕೊಟ್ಟಿಗೆಯಲ್ಲಿ ಇಟ್ಟರು, ನಿನ್ನದನ್ನು ಕೂಡಿಸಿದರು. 'ದಿವಂಗತ ಅಡಿವೆಪ್ಪನವರ ಸ್ಮರಣಾರ್ಥ' ಎಂಬ ಅಕ್ಷರ ಓದಿ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಭಾನುವಾರ ಕಾಕಾನದೊಂದು ಬಿಟ್ಟು ಇಪ್ಪತ್ತೊಂದು ಮನೆಯವರೂ ಸಾಲಾಗಿ ಹೋಗಿ ಸುರಿದರು. ಅಯ್ಯನವರು ಒಬ್ಬೊಬ್ಬರ ಹೆಸರು ಓದಿದರು. ಸುಭಾಸ ಫೋಟೋ ತೆಗೆದು ಗ್ರೂಪಿಗೆ ಹಾಕಿದ್ದನ್ನು ನೀನೂ ನೋಡಿದ್ದೀ. ಮುಂದಿನ ಭಾನುವಾರವೂ ಇಪ್ಪತ್ತೊಂದು. ಅದರ ಮುಂದಿನದ್ದೂ. ಹರವಿ ನಾಲ್ಕನೆಯ ವಾರಕ್ಕೆ ಅರ್ಧಕ್ಕಿಂತ ಮೇಲೆ ಬಂದಿತು. ಎಲ್ಲರಿಗೂ ಸಂತೋಷ. ನಾನು ಶನಿವಾರ ಗುಡಿಸಲು ಹೋದಾಗ ಮಾತ್ರ ಒಂದು ವಿಷಯ ಹೊಳೆದು ಕಸಬರಿಗೆ ಹಿಡಿದೇ ನಿಂತೆ. ನೂರು ವರ್ಷದಿಂದ ಯಾರೋ ಒಯ್ಯುತ್ತಿದ್ದ ಹರವಿ ಇದು. ಒಯ್ಯುತ್ತಿದ್ದವರು ಈಗ ಎಲ್ಲಿ ಹೋದರು? ಮನೆಗಳು ಅವೇ ಇವೆ, ಜನ ಅವರೇ ಇದ್ದಾರೆ. ಒಂದೇ ವಾರದಲ್ಲಿ ಯಾರಿಗೂ ಕೊರತೆಯಿಲ್ಲದಂತಾಗಲು ಸಾಧ್ಯವಿಲ್ಲ.

ಐದನೆಯ ಭಾನುವಾರ, ಆಗಸ್ಟ್ ನಾಲ್ಕು, ಮೌನಪ್ರಾರ್ಥನೆಯ ಹೊತ್ತಿನಲ್ಲಿ ಸಪ್ಪಳ ಕೇಳಿತು. ಒಣಗಿದ ಎಲೆಯ ಮೇಲೆ ಸಣ್ಣ ತುಂತುರು ಬಿದ್ದ ಹಾಗೆ. ಹೊರಗೆ ಬಿಸಿಲಿತ್ತು. ನಾನು ಕಣ್ಣು ತೆರೆದು ನೋಡಿದರೆ ಇನ್ನೂ ನಾಲ್ಕೈದು ಜನ ಕಣ್ಣು ತೆರೆದು ಬಲಗಡೆಯ ಗ್ರಿಲ್ಲಿನ ಕಡೆ ನೋಡುತ್ತಿದ್ದರು. ಸಪ್ಪಳ ಹರವಿಯೊಳಗಿನಿಂದ ಬರುತ್ತಿತ್ತು. ಅದು ನುಸಿಹುಳದ ಸಪ್ಪಳ, ನನಗೆ ಗೊತ್ತಿದೆ. ಕದಲದ ಕಾಳಿಗೆ ಮಳೆಗಾಲದಲ್ಲಿ ನುಸಿ ಬೀಳುತ್ತದೆ. ಮೊದಲು ಪ್ರತಿ ವಾರ ಕೈಯಾಡುತ್ತಿದ್ದುದರಿಂದ ಬೀಳುತ್ತಿರಲಿಲ್ಲ. ಮುಂದಿನ ಶನಿವಾರ ಮುಚ್ಚಳ ತೆಗೆದು ಕಾಳಿಗೆ ಕೈ ಹಾಕಿದೆ. ಬೆಚ್ಚಗಿತ್ತು, ಜ್ವರ ಬಂದವರ ಮೈಯ ಹಾಗೆ. ಅದಕ್ಕೂ ಕಾರಣವಿದೆ, ಹುಳ ಬಿದ್ದ ಕಾಳು ತಾನೇ ಕಾಯುತ್ತದೆ. ಇನ್ನೊಂದಕ್ಕೆ ನನ್ನ ಹತ್ತಿರ ಕಾರಣವಿಲ್ಲ. ಬೂದಿ ಬೆರೆಸಿ, ಮೇಲ್ಭಾಗವನ್ನು ಅಂಗೈಯಿಂದ ಸಮ ಮಾಡಿ, ಮುಚ್ಚಳ ಹಾಕಿ, ಗ್ರಿಲ್ಲಿಗೆ ಬೀಗ ಹಾಕಿ ಬಂದೆ. ಕೀಲಿ ನನ್ನ ಸೊಂಟದಲ್ಲಿತ್ತು. ಭಾನುವಾರ ಬೆಳಿಗ್ಗೆ ಏಳಕ್ಕೆ ನಾನೇ ತೆರೆದಾಗ ಸಮ ಮಾಡಿದ ಕಾಳಿನ ಮೇಲೆ ಒಂದು ಕೈಯ ಗುರುತಿತ್ತು. ಐದು ಬೆರಳು, ಅಂಗೈ. ಕಾಳು ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಯಾರೋ ಕೈಯಿಟ್ಟು, ತಗೊಳ್ಳದೆ ಹಿಂದಕ್ಕೆ ಎಳೆದುಕೊಂಡ ಹಾಗೆ. ನನ್ನ ಕೈಯನ್ನು ಅದರ ಮೇಲಿಟ್ಟು ನೋಡಿದೆ, ನನ್ನದಕ್ಕಿಂತ ಸಣ್ಣದು. ಗ್ರಿಲ್ಲಿನಿಂದ ಹರವಿಗೆ ಆರು ಅಡಿ ದೂರವಿದೆ. ಇದು ಮೂರು ವಾರ ಹೀಗೇ ಆಯಿತು. ಮೂರನೆಯ ವಾರ ಅಯ್ಯನವರನ್ನು ಕರೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ತಾವೇ ಅದನ್ನು ಅಳಿಸಿ, ಯಾರಿಗೂ ಹೇಳಬೇಡಿ ಎಂದರು.

ಆ ಸೋಮವಾರ ಬಸ್‌ಸ್ಟ್ಯಾಂಡಿನ ಕಾಳಿನ ಅಂಗಡಿಯ ಮುನಾಫ್ ಗ್ರಂಥಾಲಯಕ್ಕೆ ಬಂದ. ಪೇಪರು ಮಡಚಿಟ್ಟು, "ಅಕ್ಕಾರ, ಐತವಾರ ನಿಮ್ಮ ದೇವಾಲಯದೊಳಗ ಏನ ನಡೀತೈತ್ರಿ?" ಎಂದು ಕೇಳಿದ. ಯಾಕೆಂದು ಕೇಳಿದರೆ, "ವಾರಕ್ಕೊಮ್ಮಿ ನಿಮ್ಮ ಏಳು ಮನಿಯವರು ಒಂದೊಂದು ಸೇರು ಜ್ವಾಳ ಉದ್ರಿ ಒಯ್ಯಾಕತ್ತಾರ. ತಿನ್ನಾಕಲ್ಲ, ದೇವರಿಗೆ ಅಂತಾರ. ಹೆಸರು ಕೇಳಬ್ಯಾಡ್ರಿ, ಹೇಳೂದಿಲ್ಲ" ಎಂದ. ನಾನು ಕೇಳಲಿಲ್ಲ. ಹರವಿಯಿಂದ ಒಯ್ಯುತ್ತಿದ್ದವರು ಎಲ್ಲಿ ಹೋದರೆಂದು ಯೋಚಿಸಿದ್ದೆನಲ್ಲ, ಅವರು ಎಲ್ಲಿಗೂ ಹೋಗಿರಲಿಲ್ಲ. ಬರಿಗೈಯಲ್ಲಿ ಗ್ರಿಲ್ಲಿನೊಳಗೆ ನಿಂತರೆ ಎಲ್ಲರಿಗೂ ಕಾಣುತ್ತದೆಂದು, ಉದ್ರಿಯಲ್ಲಿ ಸಾಲ ತಂದು ಅದೇ ಹರವಿಗೆ ಸುರಿಯುತ್ತಿದ್ದರು.

ಹರಿಜನ ಕೇರಿಯ ತುದಿಗೆ ಒಬ್ಬಳೇ ಇರುವ ದುಂಡವ್ವ ನಿನಗೆ ನೆನಪಿರಬೇಕು, ಹಾಡು ಎತ್ತಿಕೊಡುತ್ತಿದ್ದವಳು. ಅವಳು ಪ್ರತಿ ಭಾನುವಾರ ತುಂಬಿದ ಸೇರು ಸುರಿಯುತ್ತಿದ್ದಳು. ಬಡ ವಿಧವೆಯ ಕಾಣಿಕೆ ಹೀಗಿರಬೇಕೆಂದು ಅಯ್ಯನವರು ಎರಡು ಸಲ ಅವಳ ಹೆಸರೆತ್ತಿ ಹೊಗಳಿದ್ದರು. ರೇಷನ್ ಅಂಗಡಿಯ ಯಂತ್ರಕ್ಕೆ ಅವಳ ಹೆಬ್ಬೆಟ್ಟು ಹತ್ತುತ್ತಿಲ್ಲ, ಬೆರಳಿನ ಗೆರೆ ಸವೆದಿವೆ ಎಂದು ಯಾರೋ ಅಂದದ್ದು ನೆನಪಾಗಿ ಸಂಜೆ ಆರೂವರೆಗೆ ಅವಳ ಮನೆಗೆ ಹೋದೆ. ಮಾಡಿನಿಂದ ಹೊಗೆ ಏಳುತ್ತಿತ್ತು, ಅದನ್ನು ಕಂಡು ಸಮಾಧಾನವಾಯಿತು. ಒಳಗೆ ಹೋದರೆ ಒಲೆಯ ಮೇಲೆ ದೊಡ್ಡ ಪಾತ್ರೆ ಕುದಿಯುತ್ತಿತ್ತು. ಏನು ಅಡಿಗೆ ಎಂದು ಮುಚ್ಚಳ ಸರಿಸಿದೆ. ನೀರು. ಬರೀ ನೀರು. ದುಂಡವ್ವ ಮುಚ್ಚಳವನ್ನು ನನ್ನ ಕೈಯಿಂದ ತಗೊಂಡು ತಿರುಗಿ ಮುಚ್ಚಿದಳು. "ಹೊಗಿ ಏಳಲಿಲ್ಲಂದ್ರ ಮಂದಿ ಬಂದು ಕೇಳತಾರ, ಯವ್ವಾ," ಎಂದಳು. ಗೂಟಕ್ಕೆ ಒಂದು ಕೈಚೀಲ ತೂಗುಹಾಕಿತ್ತು, ಅದರಲ್ಲಿ ಮುಂದಿನ ಭಾನುವಾರದ ಜೋಳ. ಅದನ್ನಾದರೂ ಬೀಸಿ ರೊಟ್ಟಿ ಮಾಡಬಾರದೆ ಎಂದೆ. "ಅದು ಹರವೀದು. ಐತವಾರ ಎಲ್ಲಾರ ಹೆಸರು ಓದಿ ನನ್ನ ಹೆಸರು ಬರಲಿಲ್ಲಂದ್ರ?" ಎಂದು ನನ್ನನ್ನೇ ಕೇಳಿದಳು. ಹೊರಗೆ ಬಂದು ನಿಂತೆ. ನಾಲ್ಕಾರು ಮನೆಯಲ್ಲಿ ಗ್ಯಾಸ್ ಇದೆ, ಉಳಿದ ಮನೆಗಳ ಮಾಡಿನಿಂದ ಹೊಗೆ ಏಳುತ್ತಿತ್ತು. ಗಾಳಿ ಇರಲಿಲ್ಲ, ಎಲ್ಲ ಹೊಗೆಯೂ ನೆಟ್ಟಗೆ ಒಂದೇ ಎತ್ತರಕ್ಕೆ ಹೋಗುತ್ತಿತ್ತು. ಹುಟ್ಟಿದಾಗಿನಿಂದ ನೋಡಿದ ಓಣಿ ಅದು. ಯಾವ ಹೊಗೆಯ ಕೆಳಗೆ ರೊಟ್ಟಿ ಇದೆ, ಯಾವುದರ ಕೆಳಗೆ ನೀರು ಕುದಿಯುತ್ತಿದೆ ಎಂದು ಹೇಳಲು ನನಗೆ ಆಗಲಿಲ್ಲ. ಕೈಯ ಗುರುತು ನೋಡಿದಾಗಲೂ ನಾನು ಅಷ್ಟು ಹೆದರಿರಲಿಲ್ಲ.

ಆ ವಾರವೇ ಗ್ರಿಲ್ಲಿಗೆ ಒಳಗಡೆಯಿಂದ ನಮ್ಮ ಜಮಖಾನ ಕಟ್ಟಿದೆ. ಭಾನುವಾರ ಸುಭಾಸ ಅದನ್ನು ಬಿಚ್ಚಿ ಮಡಚಿ ನನ್ನ ಕೈಗೆ ಕೊಟ್ಟ. ಅಪ್ಪನ ಹೆಸರು ಮುಚ್ಚಿದರೆ ಹೇಮಂತಣ್ಣನಿಗೆ ಅವಮಾನ ಮಾಡಿದ ಹಾಗೆ ಎಂದ. ದುಂಡವ್ವನಿಗೆ ರೊಟ್ಟಿ ಕಟ್ಟಿಕೊಂಡು ಹೋದರೆ ನಗುನಗುತ್ತ ನೀರು ಕೊಟ್ಟಳು, ಗಂಟು ಮುಟ್ಟಲಿಲ್ಲ.

ಸೆಪ್ಟೆಂಬರ್ ಎಂಟರಂದು, ಹತ್ತನೆಯ ಭಾನುವಾರ, ಅಯ್ಯನವರು ಹಂಚುವುದೆಂದು ಗೊತ್ತು ಮಾಡಿದ್ದರು. ಅವರಿಗೂ ಒಳಗೊಳಗೆ ಗಾಬರಿಯಾಗಿತ್ತು ಎಂದು ಈಗ ಅನಿಸುತ್ತದೆ. ಸಪ್ಪಳ ಅಷ್ಟೊತ್ತಿಗೆ ಅವರ ಉಪದೇಶದ ನಡುವೆಯೂ ಕೇಳುತ್ತಿತ್ತು. ಅವರು ಇಲ್ಲದವರ ಪಟ್ಟಿ ತೆಗೆದು ಒಂಬತ್ತು ಹೆಸರು ಓದಿದರು. ಒಬ್ಬರೂ ಏಳಲಿಲ್ಲ. ತಿರುಗಿ ಓದಿದರು. ಕೊನೆಗೆ ದುಂಡವ್ವ ಬೆಂಚು ಹಿಡಿದು ಎದ್ದು ನಿಂತು, "ನನ್ನ ಹೆಸರು ತಪ್ಪಿ ಬಂದೈತ್ರಿ. ನಾ ಕೊಡಾಕಿ ಅದೇನಿ," ಎಂದಳು. ಅವಳ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಎದ್ದು ಅದನ್ನೇ ಹೇಳಿದರು, ಅದೇ ತಗ್ಗಿದ ದನಿಯಲ್ಲಿ. ಒಂಬತ್ತು ಜನ ನಿಂತಿದ್ದರು, ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಸಪ್ಪಳ ನಡೆದೇ ಇತ್ತು. ಅಯ್ಯನವರು ಗ್ರಿಲ್ಲು ತೆರೆದು ತಾವೇ ಹರವಿಗೆ ಕೈ ಹಾಕಿದರು, ಸುಟ್ಟವರ ಹಾಗೆ ಹಿಂದೆ ತೆಗೆದರು. ಮೊಣಕೈವರೆಗೆ ಬೂದುಬಣ್ಣದ ಹುಡಿ, ಅದರ ತುಂಬ ಹುಳ. ಎರಡು ಚೀಲಕ್ಕಿಂತ ಹೆಚ್ಚು ಜೋಳ ಒಳಗೊಳಗೇ ಟೊಳ್ಳಾಗಿತ್ತು. ಸೋಮವಾರ ಹಳ್ಳದ ದಂಡೆಗೆ ಒಯ್ದು ಸುರಿದೆವು. ಸುಭಾಸನ ಎಮ್ಮೆಗಳು ಮೂಸಿ ನೋಡಿ ದೂರ ಸರಿದವು.

ಈಗ ಹರವಿ ಖಾಲಿ ಇದೆ. ಅಯ್ಯನವರು ನಾಲ್ಕನೆಯ ದಿನ ಮನೆಗೆ ಬಂದು, ಹಳೆಯ ಬಾಗಿಲನ್ನು ತಿರುಗಿ ಕೂಡಿಸೋಣ, ತಪ್ಪು ನನ್ನದು ಎಂದರು. ಮಾಳಿಂಗರಾಯ ಕಾಕಾನ ಕೊಟ್ಟಿಗೆಯಲ್ಲಿ ಅದರ ಒಂದು ಹಲಗೆಯೂ ಕೆಟ್ಟಿಲ್ಲ, ನೋಡಿ ಬಂದೆ. ಆದರೆ ಸ್ಮರಣೆಗಾಗಿ ಕೊಟ್ಟ ವಸ್ತುವನ್ನು ಕೊಟ್ಟವರ ಬರಹದ ಒಪ್ಪಿಗೆಯಿಲ್ಲದೆ ತೆಗೆಯಬಾರದು ಎಂಬ ಸಭೆಯ ಠರಾವಿದೆ. ಸುಭಾಸ ಅದನ್ನೇ ಹಿಡಿದುಕೊಂಡಿದ್ದಾನೆ. ದುಂಡವ್ವ ಕಳೆದ ಗುರುವಾರ ನಲ್ಲಿಯ ಹತ್ತಿರ ಬಿದ್ದಳು. ಡಾಕ್ಟರು ಬಂದು ನೋಡಿ, ರೋಗವೇನಿಲ್ಲ, ಹೊಟ್ಟೆಗೆ ಹಾಕಿರಿ ಎಂದರು. ಅವಳು ಯಾರ ಕೈಯಿಂದಲೂ ಏನೂ ತಗೊಳ್ಳುವುದಿಲ್ಲ. "ಕೈಯಾಗ ಇಸಗೊಂಡ್ರ ನಾಳಿಂದ ನಿನ್ನ ಕಂಡಾಗೊಮ್ಮೆ ತಲಿ ಬಗ್ಗಸಬೇಕಾಗತೈತಿ," ಎಂದು ನನಗೆ ಹೇಳಿದಳು. ಬಾಗಿಲು ಮುಚ್ಚಿದ ಕೋಣೆಯಿಂದಾದರೆ ಒಯ್ಯುತ್ತಾಳೆ. ಅಷ್ಟೇ ದಾರಿ ಉಳಿದಿರುವುದು. ಶನಿವಾರ ಫೋನಿನಲ್ಲಿ ಇದನ್ನು ಅರ್ಧ ಹೇಳುವಷ್ಟರಲ್ಲಿ ನೀನು ಸಿಟ್ಟಾದೆ. ಅಪ್ಪನ ಹೆಸರು ಕಿತ್ತು ಹಾಕಿಸುತ್ತೀಯೇನು ಎಂದೆ. ಹಸಿದವರು ಬಾಯಿ ಬಿಟ್ಟು ಕೇಳಲಿ, ನಾವು ಬಡತನದಾಗ ಬೆಳದಿಲ್ಲೇನು, ಯಾರ ಮುಂದಾದರೂ ಕೈ ಒಡ್ಡಿದ್ವೇನು ಎಂದೆ. ಅವ್ವ ಬಾಜೂಕೆ ಇದ್ದಳು, ನಾನು ಫೋನ್ ಇಟ್ಟೆ. ನೀನು ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ ಎಂದು ನನಗೆ ಗೊತ್ತು. ಒಪ್ಪಿಗೆ ಎಂದು ಎರಡು ಸಾಲು ಬರೆದು ಸಹಿ ಮಾಡಿ ಕಳಿಸು ಎಂದಷ್ಟೇ ಕೇಳುತ್ತೇನೆ. ನಿನ್ನ ಗ್ರಿಲ್ಲನ್ನು ದೇವಾಲಯದ ಅಂಗಳದ ಗೇಟಿಗೆ ಕೂಡಿಸೋಣ. ಅಪ್ಪನ ಹೆಸರು ದಾರಿಗೆ ಕಾಣುತ್ತದೆ.

ನಂದಾಳಿಗೆ ನನ್ನ ನೆನಪು ಹೇಳು, ಬೆನ್ನಿಗೆ ಬಿಸಿನೀರಿನ ಶಾಖ ಕೊಡಲಿ. ಅವ್ವ ನಿಮಗಿಬ್ಬರಿಗೂ ಆಶೀರ್ವಾದ ಹೇಳಿದ್ದಾಳೆ. ದೀಪಾವಳಿ ರಜೆಗಾದರೂ ಬರ್ರಿ ಎನ್ನುತ್ತಾಳೆ. ಕರ್ತನು ನಿನ್ನ ಕೈಕೆಲಸವನ್ನು ಕಾಯಲಿ.

ನಿನ್ನ ಅಕ್ಕ,
ರೋಹಿಣಿ

ತಾ.ಕ.: ಲಕೋಟೆ ಅಂಟಿಸಿ ತಿರುಗಿ ಬಿಚ್ಚಿದ್ದೇನೆ, ಅಂಚೆಯವನು ಬರುವ ಹೊತ್ತಾಯಿತು. ಅಪ್ಪ ತೀರಿದ ವರ್ಷ ನಿನಗೆ ಒಂಬತ್ತು, ನನಗೆ ಹದಿನಾಲ್ಕು. ಆ ಜೂನ್‌ನಿಂದ ಮುಂದಿನ ವರ್ಷದ ಸುಗ್ಗಿಯವರೆಗೆ ಪ್ರತಿ ಭಾನುವಾರ ಅವ್ವನ ಜೊತೆ ಆ ಕೋಣೆಯ ಹೊರಗೆ ನಿಲ್ಲುತ್ತಿದ್ದವಳು ನಾನು. ಅವ್ವ ಹೋಗುವಾಗ ಚೀಲ ಹಗುರ ಇರುತ್ತಿತ್ತು. ಬಂದ ಮೇಲೆ ಮನೆಯವರೆಗೆ ನಾನೇ ಹೊರುತ್ತಿದ್ದೆ, ಓಣಿಯ ತಿರುವಿನಲ್ಲಿ ಕೈ ಬದಲಿಸಬೇಕಾಗುತ್ತಿತ್ತು. ನೀನು ತಿಂದ ರೊಟ್ಟಿ ಅದು, ನಾನು ತಿಂದದ್ದೂ ಅದೇ. ನನಗೆ ಗೊತ್ತಿದೆಯೆಂದು ಅವ್ವನಿಗೆ ಇವತ್ತಿಗೂ ಗೊತ್ತಿಲ್ಲ. ಇಪ್ಪತ್ತಾರು ವರ್ಷ ಯಾರಿಗೂ ಹೇಳದ್ದನ್ನು ದುಂಡವ್ವನಿಗಾಗಿ ನಿನಗೆ ಹೇಳಿದ್ದೇನೆ. ಈ ಹಾಳೆ ಓದಿ ಸುಟ್ಟುಬಿಡು, ಅವ್ವನ ಮುಂದೆ ಎಂದಿಗೂ ಬಾಯಿ ಬಿಡಬೇಡ. ಒಪ್ಪಿಗೆಯ ಚೀಟಿಯನ್ನು ಮರುದಿನವೇ ಅಂಚೆಗೆ ಹಾಕು. ಅದರಲ್ಲಿ ಕಾರಣ ಬರೆಯಬೇಡ.